ಆರ್ಡಿತ್ ಬಿಟ್ಟ ಸಂದುಗಳು

ಜನವರಿ ೮, ಮಂಗಳವಾರ

ಗಾಳಿ ಈಶಾನ್ಯ. ಹಿಮ ಬೀಳಲಿಲ್ಲ, ಬೀಳುತ್ತೇನೆ ಅಂತ ಹೆದರಿಸಿತು ಅಷ್ಟೇ. ಸೌದೆ ಒಳಗೆ ತಂದೆ. ಶನಿವಾರದ ಬೀನ್ಸ್ ಇನ್ನೂ ಇದೆ — ಇವತ್ತೂ ಅದೇ. ದೋಣಿ ಮಾರಿದ ಮೇಲೂ ಈ ಪುಸ್ತಕದಲ್ಲಿ ಗಾಳಿ ಬರೆಯುವ ಚಟ ಹೋಗಿಲ್ಲ. ಓದುವವರು ಯಾರೂ ಇಲ್ಲ. ಮೊದಲೂ ಇರಲಿಲ್ಲ.

ವರ್ಜಿ ನಿಕಲ್ ಬಂದಿದ್ದಳು. ಕೈಯಲ್ಲಿ ಓಟ್ಸ್ ಬಿಸ್ಕತ್ತಿನ ಡಬ್ಬಿ. ನನ್ನ ಹೆಂಡತಿ ಆರ್ಡಿತ್ ತೀರಿಕೊಂಡ ಮೇಲೆ ಇದು ಎರಡನೇ ಸಲ ಬಂದದ್ದು. ಕೇಳಿದ್ದೂ ಅದನ್ನೇ — ಅವಳ ಹಾಸು ಕೊಡು.

ಚರ್ಚಿನ ನೆಲಮಾಳಿಗೆಯಲ್ಲಿ ಗುರುವಾರ ಗುರುವಾರ ಕೂತು ಗೋಣಿಬಟ್ಟೆಗೆ ಉಣ್ಣೆಪಟ್ಟಿ ಎಳೆದು ನೆಲಹಾಸು ಮಾಡುವ ಹೆಂಗಸರು ಇವರು. ಒಬ್ಬಳು ತೀರಿಕೊಂಡರೆ, ಅವಳು ಅರ್ಧಕ್ಕೆ ಬಿಟ್ಟದ್ದನ್ನು ಉಳಿದವರು ಕೈಯಿಂದ ಕೈಗೆ ದಾಟಿಸಿ ಮುಗಿಸುತ್ತಾರೆ. ಆಮೇಲೆ ಅಲ್ಲೇ ಗೋಡೆಗೆ. ಮೊದಲಿನಿಂದ ಹಾಗೇ. ಆರ್ಡಿತ್ ಕೂಡ ಎಷ್ಟೋ ಜನರದ್ದು ಮುಗಿಸಿಕೊಟ್ಟಿದ್ದಾಳೆ.

ಕೊಡಲ್ಲ ಅಂದೆ. ಯಾಕೆ ಅಂದಳು. ಗೊತ್ತಿಲ್ಲ ಅಂದೆ.

ಗೊತ್ತಿದೆ. ಆ ಗೋಣಿಬಟ್ಟೆಯಲ್ಲಿ ಈಗ ಇರುವುದು ಒಂದೇ ಕೈ. ಏಳೆಂಟು ಹೆಂಗಸರ ಕೈ ಸೇರಿದರೆ ಅದರಲ್ಲಿ ಅವಳದ್ದು ಯಾವುದು ಅಂತ ಹೇಳುವವರು ಯಾರು? ಅವಳ ಬಟ್ಟೆಬರೆ ಇದೆ, ಕನ್ನಡಕ ಇದೆ, ಬೂಟಿದೆ. ಅವೆಲ್ಲ ಅಂಗಡಿಯಲ್ಲಿ ಕೊಂಡದ್ದು.

ಬಿಸ್ಕತ್ತು ಚೆನ್ನಾಗಿತ್ತು ಅನ್ನಿಸುತ್ತೆ. ತಿಂದೆ.

ಜನವರಿ ೧೦

ಹಾಸು ಬಿಗಿದ ಚೌಕಟ್ಟು ಕಿಟಕಿ ಪಕ್ಕ ಹಾಗೇ ಇದೆ. ಮೇಲೆ ಹೊದಿಸಿದ್ದ ಬೆಡ್‌ಶೀಟ್ ತೆಗೆದೆ, ನವೆಂಬರಿನಲ್ಲಿ ಅವಳು ಹೋದ ಮೇಲೆ ಇದೇ ಮೊದಲು. ಏನಾದರೂ ಅನ್ನಿಸೀತು ಅಂದುಕೊಂಡಿದ್ದೆ. ಇಲ್ಲ.

ಚಿತ್ರ ಅವಳೇ ಬರೆದದ್ದು. ನಮ್ಮ ಮನೆ. ಮನೆಗಿಂತ ಎತ್ತರದ ಎರಡು ಕೋಳಿ. ದೋಣಿಕಟ್ಟೆಯ ಮೇಲೆ ಒಬ್ಬ ಗಂಡಸು. ಕೋಳಿ ಮನೆಗಿಂತ ದೊಡ್ಡದಾಯಿತಲ್ಲೇ ಅಂದಿದ್ದೆ ಆಗ.

"ಇದು ಹಳೇ ಕಾಲದ ಥರದ್ದು ಕಣೋ. ನಮಗೆ ಯಾವುದು ಮುಖ್ಯಾನೋ ಅದು ದೊಡ್ಡದು."

ಹಾಗಾದರೆ ನಾನು ಕೋಳಿಯ ಮೊಣಕಾಲಿಗೆ ಬರ್ತೀನಲ್ಲ ಅಂದೆ. ನಕ್ಕಳು.

ಕೋಳಿಗಳು ಆಗಿವೆ. ಆಕಾಶ ಬಹುಪಾಲು ಆಗಿದೆ. ಗಂಡಸಿನ ತೋಳು ಅರ್ಧ ಆಗಿದೆ. ಆ ಕೆಂಪು ನನ್ನ ಚೌಕಳಿ ಜಾಕೆಟ್ಟಿನದು — ಕೇಳದೆ ಕತ್ತರಿಸಿ ಪಟ್ಟಿ ಮಾಡಿದ್ದಳು. ಅದಕ್ಕೆ ಮಾತು ಬಿಟ್ಟು ಕೂತಿದ್ದೆ, ಅವಳೇ ಬಂದು ಮಾತಾಡಿಸುವವರೆಗೂ. ತೋಳಿನ ಹತ್ತಿರ ಪಟ್ಟಿಯ ಉಳಿದ ತುದಿ ಬಟ್ಟೆಯ ಅಡಿಯಲ್ಲಿ ನೇತಾಡುತ್ತಿದೆ.

ಪಟ್ಟಿಯ ನಡುವೆ ಏಳುವವಳೇ ಅಲ್ಲ ಅವಳು. ಊಟಕ್ಕೆ ಕರೆದರೂ, ಫೋನ್ ಬಡಕೊಂಡರೂ, ಮಗಳು ಕಾರಿನಿಂದ ಇಳಿಯುತ್ತಿದ್ದರೂ, "ಈ ಪಟ್ಟಿ ಮುಗೀಲಿ" ಅನ್ನುವಳು. ಆ ದಿನ ನಡುವೆ ಎದ್ದಳು. ಅಡುಗೆಮನೆವರೆಗೆ ಹೋದಳು. ಅಷ್ಟೇ. ಡಾಕ್ಟರು ಹೃದಯ ಅಂದರು.

ಬೆಡ್‌ಶೀಟ್ ಮತ್ತೆ ಹೊದಿಸಲಿಲ್ಲ.

ಜನವರಿ ೧೯, ಶನಿ

ನಾನೇ ಮುಗಿಸುತ್ತೇನೆ. ಕೈ ಇಬ್ಬರದ್ದೇ ಇರಲಿ, ಅವಳದ್ದು ಮತ್ತು ನನ್ನದು.

ಇಷ್ಟು ವರ್ಷ ಎದುರಿಗೆ ಕೂತು ನೋಡಿದ್ದೇನೆ. ಏನು ಮಹಾ. ಎಡಗೈ ಬಟ್ಟೆಯ ಅಡಿಯಲ್ಲಿ ಪಟ್ಟಿ ಹಿಡಿಯಬೇಕು, ಬಲಗೈಯ ಕೊಕ್ಕೆ ಮೇಲಿನಿಂದ ಚುಚ್ಚಿ ಪಟ್ಟಿಯನ್ನು ಕುಣಿಕೆಯಾಗಿ ಮೇಲಕ್ಕೆ ಎಳೆಯಬೇಕು. ಪಕ್ಕದಲ್ಲಿ ಇನ್ನೊಂದು. ಹಾಗೇ ಹೋಗಬೇಕು. ಹಳೇ ಚೀಲದ ಮೇಲೆ ಮೂರು ದಿನ ಕೈ ಪಳಗಿಸಿಕೊಂಡೆ. ಬಲೆ ಹೆಣೆದ ಕೈ, ಕೊಕ್ಕೆಗೇನು ಹೆದರುತ್ತೆ.

ಲೋರ್ನ್ ಬಂದು ಬಾಗಿಲಲ್ಲೇ ನಿಂತ. ಮೂವತ್ತು ವರ್ಷ ನನ್ನ ದೋಣಿಯಲ್ಲಿದ್ದವನು, ಈಗ ಅದೇ ದೋಣಿ ಅವನದ್ದು.

"ಏನಪ್ಪಾ ಕ್ಯಾಪ್ಟನ್, ಮುಂದಿನ ವಾರ ತುಟಿಗೆ ಬಣ್ಣಾನಾ?"

ನಿಮ್ಮಜ್ಜ ಚಳಿಗಾಲವೆಲ್ಲ ಇದನ್ನೇ ಮಾಡುತ್ತಿದ್ದ, ಅವನ ತುಟಿ ಹೇಗಿತ್ತು ನೋಡಿದ್ದೀಯಾ ಅಂದೆ. ಬಾಯಿ ಮುಚ್ಚಿಕೊಂಡು ಚಹಾ ಕುಡಿದ. ಹೋಗುವಾಗ ಎರಡು ಲಾಬ್‌ಸ್ಟರ್ ಸಿಂಕಿನಲ್ಲಿಟ್ಟು ಹೋದ.

ಮೊದಲು ಹಿಡಿದದ್ದು ಆ ನೇತಾಡುತ್ತಿದ್ದ ಕೆಂಪು ಪಟ್ಟಿ. ಅವಳು ಬಿಟ್ಟಲ್ಲಿಂದ ಎಳೆದೆ. ತುದಿಯವರೆಗೂ ಹೋದೆ. ತೋಳು ಮುಗಿಯಿತು.

ಏನೂ ಅನ್ನಿಸಲಿಲ್ಲ. ಬೆರಳು ನೋಯುತ್ತೆ, ಅಷ್ಟೇ.

ಫೆಬ್ರವರಿ ೩

ಹಿಮ. ಮೆಟ್ಟಿಲು ಕಾಣದಷ್ಟು. ಗುಡಿಸಿದೆ, ಮತ್ತೆ ಬಿತ್ತು, ಬಿಟ್ಟೆ.

ಒಂದು ವಿಷಯ ಕಣ್ಣಿಗೆ ಬಿತ್ತು. ಆರ್ಡಿತ್ ಅಲ್ಲಲ್ಲಿ ಸಂದು ಬಿಟ್ಟಿದ್ದಾಳೆ. ಬೆರಳಲ್ಲಿ ಸರಿಸಿದರೆ ಎರಡು ಕುಣಿಕೆಗಳ ನಡುವೆ ಗೋಣಿಯ ಎಳೆ ಕಾಣುತ್ತೆ. ಆಕಾಶದಲ್ಲಿ, ಕೋಳಿಯ ಮೈಯಲ್ಲಿ, ಎಲ್ಲಾ ಕಡೆ. ಕೊನೆಕೊನೆಗೆ ಕಣ್ಣು ಮಂದವಾಗಿತ್ತು ಪಾಪ. ಹೇಳಲಿಲ್ಲ ನನಗೆ.

ತುಂಬುತ್ತಿದ್ದೇನೆ. ಅವಳ ಬುಟ್ಟಿಯಲ್ಲಿ ಅದದೇ ಬಣ್ಣದ ಪಟ್ಟಿಗಳು ಬೇಕಾದಷ್ಟಿವೆ. ಹೆರಿಂಗ್ ಮೀನನ್ನು ಪೀಪಾಯಿಗೆ ತುಂಬುವುದು ಅಪ್ಪ ಕಲಿಸಿದ್ದು ನನಗೆ ಎಂಟನೇ ವಯಸ್ಸಿನಲ್ಲಿ. ಸಂದು ಬಿಟ್ಟರೆ ಗಾಳಿ ಸೇರುತ್ತೆ, ಗಾಳಿ ಸೇರಿದರೆ ಇಡೀ ಪೀಪಾಯಿ ಕೊಳೆಯುತ್ತೆ. ಸಂದು ಕಂಡರೆ ಈಗಲೂ ಕೈ ಸುಮ್ಮನಿರಲ್ಲ. ಒಂದು ಕುಣಿಕೆ ಇಲ್ಲಿ, ದಾಟಿ ಇನ್ನೊಂದು ಅಲ್ಲಿ. ಈಗ ಒತ್ತಾಗಿ ಕೂತಿದೆ. ಆಕಾಶ ಮುಗಿಯಿತು. ನಾಳೆ ಕೋಳಿ.

ಹ್ಯಾಲಿಫ್ಯಾಕ್ಸಿನಿಂದ ಮಗಳು ಕೊರಾಲಿಯ ಫೋನ್. ಊಟ ಆಯಿತಾ, ಮಾತ್ರೆ ತಗೊಂಡೆಯಾ, ಎಲ್ಲಾ ಕೇಳಿ ಮುಗಿಸಿ, ಆಮೇಲೆ ಇದನ್ನು ಕೇಳಿದಳು.

"ಒಂದ್ಸಲನಾದ್ರೂ ಅತ್ತಿದ್ದೀಯಾ ಅಪ್ಪ?"

ಅಮ್ಮನ ಹಾಸು ಮುಗಿಸುತ್ತಿದ್ದೇನೆ, ಚೆನ್ನಾಗಿ ಬರುತ್ತಿದೆ ಅಂದೆ.

"ನಾನು ಅದನ್ನ ಕೇಳ್ಲಿಲ್ಲ."

ಇಲ್ಲಿ ಹಿಮ ಬೀಳುತ್ತಿದೆ ಅಂತಲೂ ಹೇಳಿದೆ.

ಫೆಬ್ರವರಿ ೨೧

ಮುಗಿಯಿತು.

ಚೌಕಟ್ಟಿನಿಂದ ಬಿಚ್ಚಿ ನೆಲಕ್ಕೆ ಹಾಸಿದೆ. ಸಮನಾಗಿ ಕೂರಲಿಲ್ಲ. ನಡು ಉಬ್ಬಿದೆ, ಅಂಚು ಸುರುಳಿ. ಬೋರಲು ಹಾಕಿದ ಬಾಣಲೆಯ ಹಾಗೆ. ಕಾಲಿನಿಂದ ಒತ್ತಿದೆ — ಈ ಕಡೆ ತಗ್ಗಿದರೆ ಆ ಕಡೆ ಏಳುತ್ತೆ. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದೆ. ಮೇಲೆ ಸೌದೆ ಹೇರಿದೆ.

ಆರ್ಡಿತ್ ಮಾಡಿದ ಹಾಸುಗಳು ಈ ಮನೆ ತುಂಬ ಇವೆ. ಎಲ್ಲಾ ನೆಲಕ್ಕೆ ಅಂಟಿಕೊಂಡು ಮಲಗಿವೆ. ಇದೊಂದು ಮಲಗಲ್ಲ ಅನ್ನುತ್ತೆ.

ಫೆಬ್ರವರಿ ೨೪

ಸೌದೆ ತೆಗೆದೆ. ಹಾಗೇ ಇದೆ. ಬೆಕ್ಕು ಸುತ್ತು ಹಾಕಿಕೊಂಡು ಹೋಗುತ್ತೆ, ಮೇಲೆ ಕಾಲಿಡಲ್ಲ.

ಮಾರ್ಚ್ ೧೪, ಗುರುವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಗಾಳಿ ಕೂಡ.

ಇವತ್ತು ಹಾಸನ್ನು ಸುರುಳಿ ಸುತ್ತಿ ಚರ್ಚಿಗೆ ಹೋದೆ. ನೆಲಮಾಳಿಗೆಯಲ್ಲಿ ಹೆಂಗಸರು ಮಾತು ನಿಲ್ಲಿಸಿದರು. ವರ್ಜಿ ಮೇಜಿನ ಮೇಲೆ ಬಿಡಿಸಿದಳು. ವರ್ಜಿ ಆಕಾಶದ ಮೇಲೆ ಅಂಗೈ ಆಡಿಸಿದಳು, ಕೋಳಿಯ ಬೆನ್ನ ಮೇಲೆ ಆಡಿಸಿದಳು.

"ಪೀಪಾಯಿಗೆ ಹೆರಿಂಗ್ ಅದುಮಿದ ಹಾಗೆ ಅದುಮಿದ್ದೀಯಲ್ಲೋ ಬರ್ನೆಲ್."

"ಸಂದು ಇತ್ತು. ತುಂಬಿದೆ."

"ಸಂದು ಅವಳು ಬಿಟ್ಟದ್ದು. ಬೇಕೂಂತಲೇ ಬಿಟ್ಟದ್ದು. ಉಣ್ಣೆ ಅರಳೋಕೆ ಜಾಗ ಬೇಡ್ವಾ? ಎಲ್ಲಾ ತೂತಿಗೂ ತುರುಕಿದ್ರೆ ಇದು ನೆಲಕ್ಕೆ ಹೇಗೆ ಕೂರುತ್ತೆ ಹೇಳು?"

ಅಂದರೆ ಅವಳ ಕಣ್ಣು ಚೆನ್ನಾಗಿಯೇ ಇತ್ತು.

ತುಂಬಿದ್ದನ್ನು ತೆಗೆಯಬೇಕು, ಬೇರೆ ದಾರಿ ಇಲ್ಲ ಅಂದಳು ವರ್ಜಿ. ನೋಡಿದೆ. ಅದೇ ಉಣ್ಣೆ, ಅದೇ ಬಣ್ಣ. ಒಂದರ ಪಕ್ಕ ಒಂದು. ಯಾವುದು ನನ್ನದು, ಯಾವುದು ಅವಳದ್ದು? ಏಳೆಂಟು ಹೆಂಗಸರ ಕೈ ಬೀಳಬಾರದು ಅಂತ ಬಚ್ಚಿಟ್ಟುಕೊಂಡವನು ನಾನು. ಅವಳನ್ನು ಮುಚ್ಚಿಹಾಕಲು ನನ್ನೊಬ್ಬನ ಕೈಯೇ ಸಾಕಾಯಿತು. ನವೆಂಬರಿನಿಂದ ಈಚೆಗೆ ಏನಾದರೂ ಅನ್ನಿಸಿದ್ದು ಇದೇ ಮೊದಲು. ಹೆದರಿಕೆ. ಅವಳನ್ನು ಮಣ್ಣಿಗಿಟ್ಟ ದಿನ ಕೂಡ ಹೀಗಾಗಿರಲಿಲ್ಲ.

ಯಾರೋ ಕುರ್ಚಿ ತಂದರು. ಕೂತೆ.

ವರ್ಜಿ ಹಾಸನ್ನು ಮಗುಚಿ ಹಾಕಿದಳು. ಬಗ್ಗಿ ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು, ನಕ್ಕು ನಕ್ಕು ಮೇಜು ಹಿಡಿದುಕೊಂಡಳು. ಹುಚ್ಚು ಹಿಡಿಯಿತೇನೋ ಅಂದುಕೊಂಡೆ.

"ಹಿಂದುಗಡೆ ಪಟ್ಟಿ ದಾಟಿಸಬಾರದು ಅಂತ ಯಾರೂ ಹೇಳ್ಲಿಲ್ವಾ ನಿನಗೆ?"

ಯಾರೂ ಹೇಳಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಒಂದು ಕಡೆ ಮುಗಿದರೆ ಪಟ್ಟಿಯ ತುದಿಯನ್ನು ಮೇಲೆ ತಂದು ಕತ್ತರಿಸಬೇಕಂತೆ. ಇನ್ನೊಂದು ಕಡೆ ಹೊಸದಾಗಿ ಶುರು ಮಾಡಬೇಕಂತೆ. ನಾನು ಕತ್ತರಿಸಿರಲಿಲ್ಲ. ಒಂದು ಸಂದಿನಿಂದ ಇನ್ನೊಂದು ಸಂದಿಗೆ, ಅವಳ ಸಾಲುಗಳ ಮೇಲೆ ಹಾದು, ಎಳೆದುಕೊಂಡೇ ಹೋಗಿದ್ದೆ. ಹಿಂಬದಿಯೆಲ್ಲ ಅಡ್ಡಾದಿಡ್ಡಿ ಹಗ್ಗ ಬಿದ್ದ ಹಾಗಿದೆ. ಅಡಿಯಲ್ಲಿ ಅವಳ ಸಾಲುಗಳು, ಸಣ್ಣಗೆ, ಕೋಳಿಯ ಮೈ ಬಾಗಿದ ಹಾಗೇ ಬಾಗಿಕೊಂಡು.

"ಆರ್ಡಿತ್ ಒಂದ್ಸಲನೂ ದಾಟಿಸಿದ್ದಿಲ್ಲ. ಮೇಲೆ ಅಡ್ಡ ಬಿದ್ದಿರೋದೆಲ್ಲ ನಿಂದೇ. ಒಂದು ತಪ್ಪು ಮಾಡಿದ್ರೆ ಮುಳುಗೇ ಹೋಗ್ತಿದ್ದೆ. ಎರಡು ಮಾಡಿದೆ, ಬದುಕ್ಕೊಂಡೆ."

ಉಳಿದವರೂ ನಕ್ಕರು. ಬಿಚ್ಚಿಕೊಡುತ್ತೇವೆ, ಬಿಟ್ಟು ಹೋಗು ಅಂದರು. ಬೇಡ ಅಂದೆ. ವರ್ಜಿ ಮತ್ತೆ ಸುರುಳಿ ಸುತ್ತಿ ಕೊಟ್ಟಳು.

ಮಾರ್ಚ್ ೨೯

ಬಿಚ್ಚುತ್ತಿದ್ದೇನೆ. ಹಾಸು ಮತ್ತೆ ಚೌಕಟ್ಟಿನ ಮೇಲೆ. ಅಡಿಯಲ್ಲಿ ಅಡ್ಡ ಬಿದ್ದ ಪಟ್ಟಿ ಹುಡುಕಿ ಎಳೆದರೆ, ಮೇಲೆ ಒಂದೊಂದೇ ಕುಣಿಕೆ ಒಳಗೆ ಮುಳುಗುತ್ತೆ. ಪಟ್ಟಿಗಳು ಡೊಂಕುಡೊಂಕಾಗಿ ಬುಟ್ಟಿ ಸೇರುತ್ತಿವೆ. ಹಾಕುವುದಕ್ಕಿಂತ ತೆಗೆಯುವುದು ಚೆನ್ನಾಗಿ ಬರುತ್ತೆ ನನಗೆ.

ಲೋರ್ನ್ ನೋಡಿದ. ಫೆಬ್ರವರಿಯೆಲ್ಲ ಮಾಡಿದ್ದನ್ನು ಮಾರ್ಚಿನಲ್ಲಿ ಬಿಚ್ಚುವ ಬದಲು ಫೆಬ್ರವರಿಯಲ್ಲೇ ಮಲಗಿಬಿಡಬಹುದಿತ್ತಲ್ಲ ಅಂದ. ಇನ್ನೊಂದು ಪಟ್ಟಿ ಎಳೆದೆ. ಅವನು ಒಲೆಗೆ ಸೌದೆ ಹಾಕಿ ಹೋದ.

ಅವಳು ಮುಟ್ಟಿರದ ಜಾಗದಲ್ಲಿ ನಾನು ಮಾಡಿದ್ದನ್ನೂ ಬಿಚ್ಚಿದೆ — ಸಮುದ್ರ, ದೋಣಿಕಟ್ಟೆ, ಗಂಡಸಿನ ಕಾಲು. ಮತ್ತೆ ಮಾಡಿದರಾಯಿತು, ಸಂದು ಬಿಟ್ಟು.

ಆಕಾಶ ಈಗ ಸಡಿಲಾಗಿದೆ. ಕೋಳಿಯ ಬೆನ್ನು ಒತ್ತಿದರೆ ಮೆತ್ತಗೆ ತಗ್ಗಿ ಮೇಲೆ ಬರುತ್ತೆ. ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ಕೂತೆ. ಬೀನ್ಸ್ ತಳ ಹಿಡಿಯಿತು.

ಏಪ್ರಿಲ್ ೬, ಶನಿ. ಸಂಜೆ ನಾಲ್ಕೂವರೆ

ಗಾಳಿ ನೈಋತ್ಯ. ಬಿಸಿಲಿತ್ತು.

ಎಲ್ಲಾ ಬಿಚ್ಚಿ ಆಯಿತು. ಉಳಿದದ್ದು ತೋಳು ಒಂದೇ.

ಮಗುಚಿ ನೋಡಿದೆ. ಇಲ್ಲಿ ಅಡ್ಡ ದಾಟಿದ್ದು ಏನೂ ಇಲ್ಲ. ಒಂದೇ ಕೆಂಪು ಪಟ್ಟಿ — ಅವಳು ಶುರು ಮಾಡಿದ್ದು, ನಾನು ಮುಂದುವರಿಸಿದ್ದು. ನಡುವೆ ಗಂಟಿಲ್ಲ, ಗುರುತಿಲ್ಲ. ಅವತ್ತು ಎಷ್ಟುದ್ದ ನೇತಾಡುತ್ತಿತ್ತು ಅಂತ ನಾನು ಅಳೆದವನಲ್ಲ.

ತುದಿಯಿಂದ ಎಳೆದೆ. ಮೊದಲನೇ ಕುಣಿಕೆ ನನ್ನದು, ಅನುಮಾನವೇ ಇಲ್ಲ. ಆಮೇಲಿನ ಹತ್ತಾರೂ ನನ್ನವೇ, ಬಿಗಿಯಾಗಿವೆ. ಅದರ ಆಚೆಯದು… ನನ್ನದೇ ಇರಬೇಕು. ಎಳೆದೆ. ಅದರ ಆಚೆಯದು ಸ್ವಲ್ಪ ಎತ್ತರ, ಸ್ವಲ್ಪ ಸಡಿಲ. ಅವಳದ್ದಾ? ಅಥವಾ ಅವತ್ತು ಮೊದಲ ಕುಣಿಕೆ ಅಂತ ನಾನೂ ಹೆದರಿ ಹೆದರಿ ಸಡಿಲ ಬಿಟ್ಟಿದ್ದೆನಾ?

ಕಿಟಕಿ ಹತ್ತಿರ ಹಿಡಿದು ನೋಡಿದೆ. ಕನ್ನಡಕ ಹಾಕಿ, ತೆಗೆದು. ಗೊತ್ತಾಗಲಿಲ್ಲ.

ಕೈಬಿಟ್ಟೆ. ಪಟ್ಟಿಯ ತುದಿ ಮತ್ತೆ ಅಡಿಯಲ್ಲಿ ನೇತಾಡುತ್ತಿದೆ, ನವೆಂಬರಿನ ಹಾಗೆ. ನನ್ನದು ಒಂದೆರಡು ಅವಳದರಲ್ಲಿ ಉಳಿದಿರಬಹುದು. ಇರಲಿ. ಮೂವತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದವರು.

ಐದು ಗಂಟೆ

ಅಲ್ಲಿಂದಲೇ ಮತ್ತೆ ಹಿಡಿದೆ. ಈ ಸಲ ಎರಡು ತೂತು ಬಿಟ್ಟು ಒಂದು. ಎಳೆಯನ್ನು ಬಿಗಿಮಾಡದೆ, ಅವಳು ಬಿಡುವಷ್ಟೇ ಎತ್ತರ ಬಿಟ್ಟು. ಒಂದು ಸರಿಯಾಗಿ ಬಂತು. ಇನ್ನೊಂದೂ.

ಹೊರಗೆ ಲೋರ್ನನ ಟ್ರಕ್ಕಿನ ಹಾರ್ನ್. ಅಗ್ನಿಶಾಮಕ ದಳದವರ ಸಭಾಂಗಣದಲ್ಲಿ ಬೀನ್ಸ್ ಊಟ, ಕರೆದುಕೊಂಡು ಹೋಗಲು ಬಂದಿದ್ದಾನೆ. ಮತ್ತೆ ಹಾರ್ನ್. ಬರ್ತೀಯೋ ಇಲ್ವೋ ಅಂತ ಕೂಗಿದ.

ಕೊಕ್ಕೆಯಿಂದ ಕಣ್ಣು ತೆಗೆಯದೆ ನಾನೂ ಕೂಗಿ ಹೇಳಿದೆ.

"ಈ ಪಟ್ಟಿ ಮುಗೀಲಿ."

ಹೇಳಿ ಆದ ಮೇಲೆ ಕಿವಿಗೆ ಬಿತ್ತು, ಏನು ಹೇಳಿದೆ ಅಂತ.

ಲೋರ್ನ್ ಹಾರ್ನ್ ಹೊಡೆಯುತ್ತಲೇ ಇದ್ದಾನೆ. ಹೊಡೆಯಲಿ. ಪುಸ್ತಕವನ್ನು ಹಾಸಿನ ಮೇಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕಾಗದ ಒದ್ದೆಯಾಗುತ್ತಿದೆ. ಅಕ್ಷರ ಕಾಣುತ್ತಿಲ್ಲ. ಕನ್ನಡಕ ಒರೆಸಿ