ಬೀಗ ತೆರೆದ ಮೇಲೆ ಗೋಡೆ ನೋಡುವವನಿಗೆ

ಪ್ರೀತಿಯ ಮಾವ,

ನಿನ್ನ ಪಿಸುಮಾತು ಬರೆಯುತ್ತಿದ್ದಾಳೆ. ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಕಾಗದ ಬರೆಯುವುದೆಂದರೆ ನಗು ಬರುತ್ತದೆ, ನಿಜ. ಆದರೆ ನನ್ನ ಮಾತು ಗಂಟಲು ದಾಟುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ, ನಿನಗೆ ಗೊತ್ತು. ಶಾಲೆಯಲ್ಲಿ ಹಾಜರಿ ಕರೆದಾಗ ನನ್ನ ದನಿ ಟೀಚರಿಗೆ ಕೇಳಿಸದೆ ವಾರವಿಡೀ ಗೈರುಹಾಜರಿ ಬಿದ್ದಿತ್ತಲ್ಲ, ಆಗ ನೀನೇ ಬಂದು ಜಗಳವಾಡಿದ್ದೆ. "ನಮ್ಮ ಹುಡುಗಿ ಬಂದಿದಾಳೆ ಕಣ್ರೀ, ಕಿವಿ ಸ್ವಲ್ಪ ಈ ಕಡೆ ಬರಬೇಕು ಅಷ್ಟೆ" ಅಂದಿದ್ದೆ. ಆವತ್ತಿನಿಂದಲೇ ನನಗೆ ಪಿಸುಮಾತು ಎಂಬ ಹೆಸರು.

ನನ್ನ ಕಥೆಯ ಬಗ್ಗೆ ನಡೆದ ಸಭೆಯಿಂದ ಬಂದ ಮೇಲೆ ನೀನು ಕೇಳಿದ್ದು ಒಂದೇ ಮಾತು. ಕೈಗೆ ಸೋಪು ಉಜ್ಜುತ್ತಾ, ನಲ್ಲಿಯನ್ನು ಕೇಳುವವನ ಹಾಗೆ, "ನಾನು ಅಷ್ಟು ಕಲ್ಲಾ?" ಅಂದೆ. ನಾನು ಟವೆಲ್ ಹಿಡಿದುಕೊಂಡು ಹಿಂದೆಯೇ ನಿಂತಿದ್ದೆ. ನೀನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೋದೆ. ಅಂದಿನಿಂದ ಸಂಜೆ ಕೀಲಿಗಳ ಹಲ್ಲನ್ನು ಅರದಿಂದ ತೀಡುವಾಗ "ಎಲ್ಲಿಗೆ ನಿಲ್ಸಿದ್ವಿ? ಓದು" ಅನ್ನುವುದನ್ನೂ ಬಿಟ್ಟಿದ್ದೀಯ. ನಾವು ಓದುತ್ತಿದ್ದ ಪುಸ್ತಕ ಅಂಗಡಿಯ ಕಿಟಕಿಯಲ್ಲಿ ಬೋರಲಾಗಿ ಬಿದ್ದಿದೆ. ಅದರೊಳಗಿನ ದೋಣಿಯವನು ಇನ್ನೂ ನಡುನೀರಿನಲ್ಲಿದ್ದಾನೆ, ಪಾಪ.

ಕಥೆಯನ್ನು ಅನುಮಾನದಿಂದ ನೋಡುವುದನ್ನು ನನಗೆ ಕಲಿಸಿದವನು ನೀನೇ. ಅಮ್ಮ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ನಿನ್ನ ಬೀಗದ ಅಂಗಡಿಯ ಮೂಲೆಗೆ ಬಂದು ಕೂತಾಗ, ಹಳೆ ಪುಸ್ತಕಗಳನ್ನು ತಂದುಕೊಟ್ಟು ಓದಿಸುತ್ತಿದ್ದೆ. ನಡುವೆ ಅರ ನಿಲ್ಲಿಸಿ, "ತಡಿ ತಡಿ. ಈ ಹೆಂಗಸು ದಿನಾ ಕನ್ನಡಿ ಒರೆಸ್ತಾಳೆ, ಒಂದು ದಿನಾನೂ ಮುಖ ನೋಡ್ಕೊಳ್ಳಲ್ಲ. ಬರೆದೋನಿಗೆ ಬೇರೆ ಕೆಲಸ ಇರಲಿಲ್ವಾ? ಏನೋ ಇದೆ ಇದರಲ್ಲಿ" ಅನ್ನುತ್ತಿದ್ದೆ. ಆಮೇಲೆ ಇಬ್ಬರೂ ಹಟಕ್ಕೆ ಬಿದ್ದು ಆ ಕನ್ನಡಿಯ ಬೆನ್ನು ಹತ್ತುತ್ತಿದ್ದೆವು. ಕೆಲವು ಸಲ ಬೆಟ್ಟ ಅಗೆದು ಇಲಿ ಹಿಡಿದದ್ದೂ ಉಂಟು. ಆದರೂ ಆ ಅಗೆತದ ಸುಖವೇ ಬೇರೆ.

ನಾನೇ ಒಂದು ಕಥೆ ಬರೆದು ಅದು ವಾರಪತ್ರಿಕೆಯಲ್ಲಿ ಬಂದಾಗ, ನೀನು ಅಂಗಡಿಗೆ ಬಂದವರಿಗೆಲ್ಲ ಕೀಲಿಯ ಜೊತೆ ಪತ್ರಿಕೆಯನ್ನೂ ತೋರಿಸಿದೆ. ಅದನ್ನು ಮಾತ್ರ ನನ್ನಿಂದ ಓದಿಸಲಿಲ್ಲ. "ಸಭೇಲಿ ಎಲ್ಲರ ಜೊತೆ ಕೇಳ್ತೀನಿ, ಮಜಾ ಇರುತ್ತೆ" ಅಂದೆ. ಗ್ರಂಥಾಲಯದ ಮಹಡಿಯಲ್ಲಿ ಓದುವ ಬಳಗದವರು ಅದನ್ನು ಚರ್ಚೆಗೆ ತೆಗೆದುಕೊಂಡಿದ್ದರಲ್ಲ, ಅದಕ್ಕೆ. ಕೆಲಸದಿಂದ ನೇರವಾಗಿ ಬಂದು, ಸಲಕರಣೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತೆ. ಕಥೆಯಲ್ಲಿ ಬೀಗ ತೆಗೆಯುವವನೊಬ್ಬ ಇದ್ದಾನೆಂದು ಅಲ್ಲಿರುವವರಿಗೆ ಗೊತ್ತಿತ್ತು. ಅವನು ಕೊನೆಯ ಬೆಂಚಿನಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಬೀಗ ಕಟ್ ಅಂದ ಕೂಡಲೆ ಕೈ ತೆಗೆದು ಗೋಡೆಯ ಕಡೆ ತಿರುಗುವುದು ನಿನ್ನ ಕಸುಬಿನ ರೀತಿ. ಬಾಗಿಲನ್ನು ನೀನು ತಳ್ಳುವುದಿಲ್ಲ. "ಬೀಗ ನನ್ನದು, ಒಳಗಿರೋದು ಅವರದು" ಅನ್ನುತ್ತೀಯ. ಅಮ್ಮ ತೀರಿಕೊಂಡ ಮೇಲೆ ಅವಳ ಬೀರುವಿನ ಕೀಲಿ ಸಿಗಲಿಲ್ಲ. ನೀನು ತಂತಿ ಹಾಕಿ ತೆರೆದೆ, ಕಟ್ ಅಂದಿತು, ಗೋಡೆಯ ಕಡೆ ತಿರುಗಿದೆ. ಬಾಗಿಲು ಎಳೆದವಳು ನಾನು. ಅವಳ ನೀಲಿ ಶಾಲು ಎದುರಿಗೇ ಇತ್ತು. ಅದಕ್ಕೆ ಮುಖ ಒತ್ತಿಕೊಂಡು ಅಳತೊಡಗಿದಾಗ, ಹಿಂದಿನಿಂದ ನಿನ್ನ ಕೈ ಬಂತು. ಕೈಯಲ್ಲಿ ಎಣ್ಣೆ ಒರೆಸುವ ಬಟ್ಟೆ. ನೀನು ತಿರುಗಲಿಲ್ಲ. ನಾನು ಬರೆದದ್ದು ಇಷ್ಟನ್ನೇ. ಕೊನೆಯ ಸಾಲಿನಲ್ಲಿ ಬೀಗದವನು ಗೋಡೆ ನೋಡುತ್ತಾ ನಿಂತಿದ್ದಾನೆ.

ಕಥೆ ಓದಿ ಮುಗಿದ ಮೇಲೆ ಮೊದಲು ಮಾತಾಡಿದವರು ಕಾಲೇಜಿನ ಮೇಷ್ಟ್ರು. ಬೀರು ಅಂದರೆ ಕಳೆದುಹೋದ ಕಾಲ, ಬೀಗ ಅಂದರೆ ಮನುಷ್ಯನ ಮನಸ್ಸು, ಬೀಗದವನು ಎಲ್ಲರ ಮನಸ್ಸನ್ನೂ ತೆರೆಯಬಲ್ಲ, ತನ್ನದನ್ನು ಮಾತ್ರ ತೆರೆಯಲಾರದ ಕಲ್ಲುಮನುಷ್ಯ ಎಂದರು. ಆ ಮಾತು ಅವರ ಬಾಯಿಂದ ಬಂದಾಗ ನಿನ್ನ ಚೀಲದೊಳಗೆ ಏನೋ ಕಿಣಿ ಅಂದದ್ದು ನನಗೆ ಕೇಳಿಸಿತು. ಔಷಧಿ ಅಂಗಡಿಯವರು ಬಿಡುತ್ತಾರೆಯೆ? "ಅಲ್ಲ ಸ್ವಾಮಿ, ಅಳೋ ಮಗೂಗೆ ಮಸಿ ಬಟ್ಟೆ ಕೊಡ್ತಾನಲ್ಲ, ಅವನೆಂಥ ಮನುಷ್ಯ? ಕಣ್ಣಿಗೆ ಸೋಂಕಾದ್ರೆ ನನ್ನ ಅಂಗಡಿಗೇ ಬರಬೇಕು" ಅಂದರು. ಎಲ್ಲರೂ ನಕ್ಕರು. ಹೆದರಿಕೆಗೆ ನಾನೂ ನಕ್ಕೆ. ಆಮೇಲೆ ನಿವೃತ್ತ ನರ್ಸಮ್ಮ ಪತ್ರಿಕೆಯನ್ನು ಮಡಚುತ್ತಾ ಹೇಳಿದರು: "ಆತ ಕೆಟ್ಟೋನಲ್ಲ ಕಣ್ರೀ. ಕೈ ಬಂತು, ಮುಖ ಬರಲಿಲ್ಲ. ಆ ಹುಡುಗಿ ಇನ್ನೂ ಅಲ್ಲೇ ನಿಂತು ಮುಖಕ್ಕೆ ಕಾಯ್ತಿದಾಳೆ."

ನೀನು ಎದ್ದು ಹೋದದ್ದು ಆಗಲೇ.

ಮಾವ, ಮೇಷ್ಟ್ರ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು. ಗೋಡೆ ನೋಡುವುದು ಕಲ್ಲುತನವಲ್ಲ, ಮರ್ಯಾದೆ ಎಂದು ಎದ್ದು ನಿಂತು ಹೇಳಬಹುದಿತ್ತು, ಕಾಲು ಎದ್ದಿದ್ದರೆ. ಆದರೆ ನರ್ಸಮ್ಮನ ಮಾತು ನಿಜ. ಬರೆದವಳು ನಾನೇ ಆದರೂ ಆ ಹುಡುಗಿ ಕಾಯುತ್ತಿದ್ದಾಳೆಂದು ನನಗೇ ತಿಳಿದಿರಲಿಲ್ಲ. ಗೋಡೆ ಇತ್ತು, ಗೋಡೆ ಎಂದು ಬರೆದೆ. ಅವರು ಓದಿದ ಮೇಲೆ ನೋಡಿದರೆ ಆ ಗೋಡೆ ನಮ್ಮ ಮನೆಯ ತುಂಬ ಇದೆ. ಅಮ್ಮನ ಹೆಸರು ಬಂದರೆ ನೀನು ಒಲೆಯ ಕಡೆ ತಿರುಗುತ್ತೀಯ, ನಾನು ಪುಸ್ತಕದ ಕಡೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಸುಸ್ತಾಗಿದ್ದೇವೆ.

ಇನ್ನೊಂದು ವಿಷಯ ಆ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ನಾನೇ ಬರೆದಿರಲಿಲ್ಲ. ಮನೆಗೆ ಬಂದು ಕಥೆಯನ್ನು ಮತ್ತೆ ಓದಿದೆ, ನೀನು ಕಲಿಸಿದ ಹಾಗೆ, ಅನುಮಾನದಿಂದ. ಬೇರೆ ಮನೆಗಳಲ್ಲಿ ಬೀಗ ತೆರೆದಾಗ ನೀನು ಗೋಡೆಯ ಕಡೆ ತಿರುಗಿ ಚೀಲ ಕಟ್ಟುತ್ತೀಯ, ಕತ್ತು ನೆಟ್ಟಗೆ ಇರುತ್ತದೆ, ಒಂದೊಂದು ಸಲ ಶಿಳ್ಳೆ ಕೂಡ ಹಾಕುತ್ತೀಯ. ಆ ದಿನ ನಿನ್ನ ಹಣೆ ಗೋಡೆಗೆ ತಾಗಿತ್ತು. ಹೆಗಲು ಅಲುಗುತ್ತಿತ್ತು. ಅದು ನನಗೆ ನೆನಪಿದೆ, ಆದರೆ ಅದೇನೆಂದು ಇಷ್ಟು ವರ್ಷ ನಾನು ಕೇಳಿಕೊಂಡೇ ಇರಲಿಲ್ಲ. ಕಥೆಯಲ್ಲಿ ಬೀರುವಿನ ಒಡತಿ ಹುಡುಗಿಯ ಅಮ್ಮ ಎಂದಷ್ಟೇ ಬರೆದೆ. ಬೀಗದವನಿಗೆ ಅವಳು ಯಾರೂ ಅಲ್ಲ. ನಿಜದಲ್ಲಿ ಅವಳು ನಿನ್ನ ಅಕ್ಕ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಕ್ಕನ ಬೀರುವಿನ ಬೀಗವನ್ನು ತಮ್ಮನೇ ತೆರೆದಿದ್ದ, ತೆರೆದು ಅದರ ಪಕ್ಕದಲ್ಲೇ ಅಳುತ್ತಿದ್ದ. ಇದ್ದ ಒಂದೇ ಬಟ್ಟೆಯನ್ನು ನನಗೆ ಕೊಟ್ಟುಬಿಟ್ಟಿದ್ದ.

ನೀನು ಕಲ್ಲಲ್ಲ ಮಾವ. ಟವೆಲ್ ಹಿಡಿದು ನಿಂತವಳು ಅವತ್ತು ಹೇಳಬೇಕಾದ ಉತ್ತರ ಇದು.

ಆ ಬೀರುವನ್ನು ಆಮೇಲೆ ನಾವು ತೆರೆದೇ ಇಲ್ಲ. ನೀನು ಮಾಡಿಕೊಟ್ಟ ಹೊಸ ಕೀಲಿ ನನ್ನ ಹತ್ತಿರವೇ ಇದೆ. ಭಾನುವಾರ ಅಂಗಡಿಗೆ ರಜೆ ಹಾಕು. ಬೀಗ ತುಕ್ಕು ಹಿಡಿದಿರುತ್ತದೆ, ಎಣ್ಣೆ ನೀನು ಬಿಡು, ತಿರುಗಿಸುವುದು ನಾನು. ಕಟ್ ಅಂದಾಗ ಅಭ್ಯಾಸಬಲದಿಂದ ನಿನ್ನ ಕತ್ತು ಗೋಡೆಯ ಕಡೆ ಹೊರಳುತ್ತದೆ. ಹೊರಳಿದರೆ ಹಿಡಿದು ಈ ಕಡೆ ತಿರುಗಿಸಿಕೊಳ್ಳುತ್ತೇನೆ, ಬೈಯಬೇಡ. ಶಾಲನ್ನು ಇಬ್ಬರೂ ಹಿಡಿದು ತೆಗೆಯೋಣ. ಬಟ್ಟೆಯ ಯೋಚನೆ ಮಾಡಬೇಡ, ಒಗೆದದ್ದು ಎರಡು ತಂದಿರುತ್ತೇನೆ. ಔಷಧಿ ಅಂಗಡಿಯವರಿಗೆ ವ್ಯಾಪಾರ ಆಗುವುದಿಲ್ಲ.

ಆಮೇಲೆ ಆ ದೋಣಿಯವನನ್ನು ದಡ ಮುಟ್ಟಿಸೋಣ. ಅವನು ಹಗ್ಗವನ್ನು ಅಷ್ಟು ಜೋಪಾನ ಯಾಕೆ ಮಾಡುತ್ತಾನೆ ಎಂಬ ನಿನ್ನ ಅನುಮಾನ ಇನ್ನೂ ಬಾಕಿ ಇದೆ.

ಈ ಕಾಗದವನ್ನು ನಿನ್ನ ಅರದ ಕೆಳಗೆ ಇಡುತ್ತೇನೆ. ಓದುವಾಗ ನಾನು ಒಳಗೆ ಇರುತ್ತೇನೆ. ಗೋಡೆ ನೋಡುತ್ತಾ ಅಲ್ಲ, ಬಾಗಿಲು ನೋಡುತ್ತಾ.

ನಿನ್ನ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ. ಊರಿನ ಬೀಗಗಳೆಲ್ಲ ನಿನ್ನ ಮಾತು ಕೇಳುತ್ತಿರಲಿ.

ನಿನ್ನ ಅಕ್ಕನ ಮಗಳು,
ಪಿಸುಮಾತು