ಕೆಂಪು ಗೆರೆ

ಜುಲೈ 11, ಬೆಳಿಗ್ಗೆ 8
ಐದು ಮೀಟರ್ ತೊಂಬತ್ತು. ಮೆಟ್ಟಿಲ ಮೇಲೆ ಪಾಚಿ, ಜಾರಿ ಮಂಡಿ ತರಚಿತು. ಹೊಳೆಯ ಕಂಬದ ಅಳತೆ ನೋಡುವುದು, ರಿಜಿಸ್ಟರಿನಲ್ಲಿ ಬರೆಯುವುದು, ಓವರ್‌ಸಿಯರ್‌ಗೆ ಫೋನು — ಹದಿನಾಲ್ಕು ವರ್ಷದಿಂದ ದಿನಕ್ಕೆ ಮೂರು ಸಲ ಇದೇ. ಗಂಡ ಎಲ್ಲೋ ದೂರದಲ್ಲಿ ಲಾರಿ ಓಡಿಸಿಕೊಂಡಿದ್ದಾನೆ. ಜಗಳಕ್ಕೆ ನನಗಿರುವುದು ಅತ್ತೆ ಮತ್ತು ಹೊಳೆ, ಇಬ್ಬರೇ.
ಮೇಲ್ಗಡೆ ಮೂರು ದಿನದಿಂದ ಬಿರುಗಾಳಿ ಮಳೆಯಂತೆ. "ನೀರಲ್ಲೇ ನಿಂತು ಕೆಲಸ ಮಾಡೋಳಿಗೆ ಕೊಡೆ ಯಾಕೋ ಕಾಣೆ" ಅಂದರು ಅತ್ತೆ. ಆದರೂ ಕೊಟ್ಟರು.

ಜುಲೈ 12, ಮಧ್ಯಾಹ್ನ 1
ಏಳು ಮೀಟರ್ ಹತ್ತು. ಕಂಬದ ಕೆಂಪು ಗೆರೆ ಮುಳುಗಿತು. ನೀರು ಏಳರ ಆ ಗೆರೆ ಮುಟ್ಟಿದರೆ ಪಂಪ್‌ಹೌಸಿನ ಸೈರನ್ ಹಾಕಬೇಕು, ಕೆಳಬೀದಿಯವರು ಮನೆ ಬಿಟ್ಟು ಮೇಲೆ ಬರಬೇಕು. ಕೀಲಿ ನನ್ನ ಸೊಂಟದಲ್ಲೇ ಇದೆ. ಅಪ್ಪಣೆ ಮಾತ್ರ ಓವರ್‌ಸಿಯರ್‌ದು.
ಫೋನು ಮಾಡಿದೆ. "ಅಯ್ಯೋ, ಈಗ ಬೇಡಮ್ಮ. ದೊಡ್ಡ ಸಾಹೇಬ್ರು ಹೊಸ ಸೇತುವೆ ನೋಡೋಕೆ ಬಂದು ಊಟಕ್ಕೆ ಕೂತಿದಾರೆ. ಆರು ಎಂಬತ್ತು ಅಂತ ಬರ್ಕೋ. ಆಮೇಲೆ ನೋಡೋಣ."
ಬರೆದೆ. ಆರು ಎಂಬತ್ತು. ನನ್ನ ಈ ಡೈರಿಯಲ್ಲಿ ಮಾತ್ರ ನಿಜ.

ಸಂಜೆ 5
ಎರಡೂವರೆಗೆ ಅಪ್ಪಣೆ ಬಂತು. ಸೈರನ್ ಹಾಕುವ ಹೊತ್ತಿಗೆ ಕೆಳಬೀದಿಯಲ್ಲಿ ಎದೆಮಟ್ಟ ನೀರು. ಅಲ್ಲಿ ಬಟ್ಟೆ ಹೊಲಿಯುವ ಟೈಲರಕ್ಕನ ಗಂಡ... ಲಕ್ವ ಹೊಡೆದು ಮಂಚ ಹಿಡಿದಿದ್ದವರು. ಅಕ್ಕ ಒಬ್ಬಳಿಂದ ಎತ್ತಲಾಗಲಿಲ್ಲ. ಹೋಗಿಬಿಟ್ಟರು.


ಜುಲೈ 18
ಆರು ದಿನ ಇದನ್ನು ಮುಟ್ಟಲಿಲ್ಲ. ಯಾವ ಮುಖ ಇಟ್ಟುಕೊಂಡು ಮುಟ್ಟಲಿ?
ಕೆಳಬೀದಿಗೆ ಹೋದೆ. ಎಲ್ಲೆಲ್ಲೂ ಕೆಸರು, ನೆನೆದ ಹಾಸಿಗೆಗಳ ವಾಸನೆ. ಟೈಲರಕ್ಕ ಹೊಲಿಗೆ ಮಷಿನ್ ಮಗುಚಿಹಾಕಿ ಅದರ ಹೊಟ್ಟೆಯಿಂದ ಚಮಚದಲ್ಲಿ ಕೆಸರು ಬಗೆಯುತ್ತಿದ್ದಳು. ನಾನೂ ಒಂದು ಚಮಚ ಹಿಡಿದು ಕೂತೆ.
"ಸೈರನ್ ಯಾಕೆ ಅಷ್ಟು ತಡ ಆಯ್ತು?" ಬೈಯುವ ದನಿಯಲ್ಲ. ಕತ್ತರಿ ಎಲ್ಲಿಟ್ಟೆ ಎಂದು ಕೇಳುವ ಹಾಗೆ.
ಹೇಳಿಬಿಟ್ಟೆ. ಊಟ, ಸೇತುವೆ, ಆರು ಎಂಬತ್ತು. ಎಲ್ಲ.
ಅಕ್ಕ ನನ್ನ ಕೈಯಿಂದ ಚಮಚ ಕಿತ್ತುಕೊಂಡಳು. "ಹೋಗು."
ಹೊಸಿಲು ದಾಟುತ್ತಿದ್ದೆ. "ಮುಂದಿನ ಸಲ?" ಅಂದಳು.
"ಯಾರನ್ನೂ ಕೇಳಲ್ಲ ಅಕ್ಕಾ."
ಮನೆಗೆ ಬಂದು ಅತ್ತೆಗೂ ಹೇಳಿದೆ. "ಕಣ್ಣು ಒಂದು ನೋಡ್ತು, ಕೈ ಇನ್ನೊಂದು ಬರೀತಾ? ನನ್ನ ಹತ್ರ ಆದ್ರೆ ಮಾತಿಗೆ ಮಾತು ಕೊಡ್ತೀಯ. ಅಲ್ಲಿ ನಾಲಿಗೆ ಬಿದ್ದೋಗಿತ್ತಾ?" ಸರಿಯಾಗೇ ಕೇಳಿದರು. ರಾತ್ರಿ ಊಟ ಸೇರಲಿಲ್ಲ.

ಜುಲೈ 23
ಓವರ್‌ಸಿಯರ್ ಮನೆಗೇ ಬಂದರು. ನಾಡಿದ್ದು ವಿಚಾರಣೆ. ನೀರು ಗೆರೆ ಮುಟ್ಟಿದ್ದೇ ಎರಡೂವರೆಗೆ, ಸೈರನ್ ಆಗಲೇ ಕೂಗಿತು, ಜನರೇ ಅಲ್ಲಾಡಲಿಲ್ಲ — ಹಾಗಂತ ಟೈಪ್ ಮಾಡಿ ತಂದಿದ್ದರು. ನನ್ನ ಸಹಿಯೊಂದು ಬಾಕಿ.
ಜನರೇ ಅಲ್ಲಾಡಲಿಲ್ಲವಂತೆ! ಮೈ ಉರಿದುಹೋಯಿತು. ರಿಜಿಸ್ಟರ್ ತೆಗೆದೆ. ಆರು ಎಂಬತ್ತರ ಮೇಲೆ ಕೆಂಪು ಇಂಕಿನಲ್ಲಿ ಗೀಟು. ಪಕ್ಕದಲ್ಲಿ ಏಳು ಹತ್ತು. ಯಾರ ಮಾತಿಗೆ ಸುಳ್ಳು ಬರೆದೆ, ಯಾಕೆ — ಅದೂ. ಕೆಳಗೆ ಸಹಿ. ಅವರ ಕಣ್ಣೆದುರೇ.
"ಏನಮ್ಮಾ ಇದು? ಸರ್ಕಾರಿ ರಿಜಿಸ್ಟರ್ ತಿದ್ದೋದಾ? ಕೆಲಸ ಹೋಗುತ್ತೆ, ಗೊತ್ತಾ?"
"ಹೋಗ್ಲಿ ಬಿಡಿ ಸರ್. ಸುಳ್ಳು ಬರೆದ ದಿನಾನೇ ಹೋಗ್ಬೇಕಿತ್ತು."
ಅಡಿಗೆಮನೆಯಿಂದ ಅತ್ತೆ: "ಟೀ ಇಲ್ಲ ಅಂತ ಹೇಳೇ ಅವ್ರಿಗೆ!"

ಜುಲೈ 26
ವಿಚಾರಣೆ ಮುಂದಕ್ಕೆ ಹೋಯಿತು. ರಿಜಿಸ್ಟರ್ ಒಯ್ದರು. ನನ್ನ ಕೀಲಿ ಕಿತ್ತುಕೊಂಡದ್ದು ಸಾಲದೆ ಪಂಪ್‌ಹೌಸಿಗೆ ಹೊಸ ಬೀಗ ಜಡಿದಿದ್ದಾರೆ, ಅಂಗೈಯಗಲದ್ದು. ಬೇರೆ ಆಳು ಸಿಗುವ ತನಕ ಕಂಬ ಮಾತ್ರ ನಾನೇ ನೋಡಬೇಕಂತೆ. ಎಂಥ ನಾಚಿಕೆಗೆಟ್ಟವರು!
ನೋಡುತ್ತೇನೆ. ಬಿಡುವುದಿಲ್ಲ.

ಆಗಸ್ಟ್ 2, ಮಧ್ಯಾಹ್ನ 2
ಮತ್ತೆ ಬಿರುಗಾಳಿ. ಆರು ಎಪ್ಪತ್ತು. ಫೋನಿನಲ್ಲಿ ಓವರ್‌ಸಿಯರ್: "ಮೀಟಿಂಗಲ್ಲಿದೀನಿ. ನಾನ್ ಹೇಳೋ ತನಕ ಸುಮ್ನಿರು."

2.40
ಆರು ತೊಂಬತ್ತೈದು. ಈಗ ಫೋನೇ ಎತ್ತುತ್ತಿಲ್ಲ.
ಇಲ್ಲಿಂದ ಕೆಳಬೀದಿ ಕಾಣುತ್ತದೆ. ಬಾಗಿಲುಗಳೆಲ್ಲ ಮಳೆಗೆ ಹಾಕಿವೆ. ಟೈಲರಕ್ಕನ ಮಷಿನ್ ಮೊನ್ನೆಯಷ್ಟೇ ಓಡತೊಡಗಿತು. ಅದರ ಸದ್ದಿನಲ್ಲಿ ಹೊಳೆ ಸದ್ದು ಕೇಳಿಸದು.
ಭಯವಾಗುತ್ತಿದೆ. ಕೆಲಸ ಹೋಗುವ ಭಯವಲ್ಲ. ತಡವಾಗುವ ಭಯ.

2.48
ಏಳು. ಗೆರೆ ಮುಟ್ಟಿತು.
ಅತ್ತೆ ಬಂದು ನಿಂತಿದ್ದಾರೆ. ತಲೆಗೆ ಪ್ಲಾಸ್ಟಿಕ್ ಹಾಳೆ, ಕೈಯಲ್ಲಿ ದೊಡ್ಡ ಸುತ್ತಿಗೆ. "ಬರೆದಿದ್ದು ಸಾಕು ಕಣೆ. ಬೀಗ ನೀನು ಒಡೀತೀಯೋ, ನಾನು ಒಡೀಲೋ?"
ನಾನೇ ಒಡೆಯುತ್ತೇನೆ. ಏಳು ಮೀಟರ್, 2.48, ಕಣ್ಣಾರೆ ನೋಡಿ ಬರೆದದ್ದು. ಇನ್ನು ಯಾರ ಅಪ್ಪಣೆಯೂ —