ನಾಲ್ಕನೇ ಮಹಡಿ ಹತ್ತದ ನನ್ನ ರಜೆ ಅರ್ಜಿ

ರಜೆ ಮಂಜೂರು ಮಾಡುವ ಮಾನ್ಯರೇ,

ಲಡಾಖಿನಲ್ಲಿ ಆರು ಸಾವಿರ ಮೀಟರ್ ಎತ್ತರದ ಪರ್ವತ ಹತ್ತಲು ನನಗೆ ಅನುಮತಿ ಸಿಕ್ಕಿ ಮೂರು ತಿಂಗಳಾಯಿತು. ಅಲ್ಲಿಗೆ ಹೋಗಲು ಬೇಕಾದ ಇಪ್ಪತ್ತೆರಡು ದಿನಗಳ ಗಳಿಕೆ ರಜೆ ಮಾತ್ರ ಇನ್ನೂ ಸಿಕ್ಕಿಲ್ಲ. ನಮ್ಮ ತಂಡ ಹೊರಡುವುದು ಜೂನ್ ಎಂಟಕ್ಕೆ. ಜಯನಗರದ ಒಂದೇ ಕಟ್ಟಡದಲ್ಲಿ ಎರಡನೇ ಮಹಡಿಯ ನಾನು ನಾಲ್ಕನೇ ಮಹಡಿಯ ತಮಗೆ ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಇದೇ ಕಾರಣ.

ಫೆಬ್ರವರಿಯಲ್ಲಿ ಅರ್ಜಿ ಕೊಟ್ಟೆ. ‘ರಜೆಯ ಅವಧಿಯ ವಿಳಾಸ’ ಎಂಬಲ್ಲಿ ‘ಎರಡನೇ ಶಿಬಿರ, ಹಿಮನದಿಯ ಎಡಬದಿ, 5,300 ಮೀಟರ್’ ಎಂದು ಬರೆದೆ. ಇದ್ದದ್ದನ್ನು ಇದ್ದಂತೆ ಬರೆಯಬೇಕೆಂದು ಮೂವತ್ತು ವರ್ಷಗಳಿಂದ ಈ ಇಲಾಖೆಯೇ ನನಗೆ ಕಲಿಸಿದೆ. ಅರ್ಜಿ ವಾಪಸು ಬಂತು: ‘ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್‌ಕೋಡ್ ನಮೂದಿಸಿಲ್ಲ.’ ತಪ್ಪು ನನ್ನದೇ. ಹಿಮನದಿಗೆ ಎಷ್ಟು ಅಡ್ಡರಸ್ತೆಗಳಿವೆ ಎಂದು ವಿಚಾರಿಸಿಕೊಳ್ಳಬೇಕಿತ್ತು. ಉತ್ತರಹಳ್ಳಿಯ ಮನೆಯ ವಿಳಾಸ ಬರೆದೆ. ಮನೆಯಲ್ಲೇ ಇರುವವರಿಗೆ ಕೇಂದ್ರಸ್ಥಾನ, ಅಂದರೆ ಕೆಲಸದ ಊರು, ಬಿಡುವ ಅನುಮತಿ ಏಕೆ ಎಂದು ಮತ್ತೆ ವಾಪಸು ಬಂತು.

ಮೂರನೇ ಆಕ್ಷೇಪಣೆ ಅರ್ಜಿಗೆ ಲಗತ್ತಿಸಿದ್ದ ನಮ್ಮ ತಂಡದ ಯೋಜನೆಯ ಮೇಲೆ: ‘ಐದು ದಿನ ಡೇರೆಯಲ್ಲಿ ವಿಶ್ರಾಂತಿ ಎಂದಿದೆ. ಸದರಿ ವಿಶ್ರಾಂತಿಯನ್ನು ಕೇಂದ್ರಸ್ಥಾನದಲ್ಲೇ ಏಕೆ ಪಡೆಯಬಾರದು?’ ಆ ಯೋಜನೆ ಮಾಡಲು ನಾಲ್ವರಿಗೆ ಐದು ತಿಂಗಳು ಹಿಡಿಯಿತು. ತಂಡದ ಮುಖಂಡ, ಜೆ.ಪಿ. ನಗರದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಪ್ರಸನ್ನ, ಅವಲಕ್ಕಿಯನ್ನೂ ಗ್ರಾಂ ಲೆಕ್ಕದಲ್ಲಿ ತೂಗಿದ್ದಾರೆ. ಆ ಎತ್ತರದಲ್ಲಿ ಗಾಳಿ ತೆಳು. ಮೈ ಅದಕ್ಕೆ ಒಗ್ಗುವವರೆಗೆ ಅಲ್ಲೇ ಕೂರಬೇಕು, ಇಲ್ಲದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಾರೆ. ಈ ಕೂರುವ ಕೆಲಸವನ್ನು ಉತ್ತರಹಳ್ಳಿಯಲ್ಲೇ ಮುಗಿಸಿಕೊಂಡು ಹೋಗಲು ಬರುವುದಿಲ್ಲ, ಸ್ವಾಮಿ.

ಒಂದು ವರ್ಷದಿಂದ ನಾನು ಬೆಳಿಗ್ಗೆ ಬೆನ್ನಿಗೆ ಇಪ್ಪತ್ತು ಕೆ.ಜಿ. ಅಕ್ಕಿ ಕಟ್ಟಿಕೊಂಡು ವಸಂತಪುರದ ಗುಡ್ಡದ ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಕೆಳಗೆ ಹೂವು ಮಾರುವ ಗೋವಿಂದಮ್ಮ ತಿಂಗಳುಗಟ್ಟಲೆ ನೋಡಿ, ತಡೆಯಲಾರದೆ ಕೇಳಿದರು: “ಅಲ್ಲಾ ಕಣವ್ವ, ದಿನಾ ಅಕ್ಕಿ ಹೊತ್ಕೊಂಡ್ ಹೋಗಿ ಹಂಗೇ ವಾಪಸ್ ತರ್ತೀಯಲ್ಲ, ದೇವ್ರು ಬ್ಯಾಡ ಅಂತಾನಾ?” ವಿಷಯ ಹೇಳಿದೆ. ಈಗ ನನ್ನ ಸುತ್ತುಗಳನ್ನು ಅವರೇ ಎಣಿಸುತ್ತಾರೆ. “ಹತ್ತೇ ಆಗಿರೋದು, ಇನ್ನೆರಡು ಬಾಕಿ ಐತೆ. ಎದ್ದೇಳು” ಎಂದು ಗದರುತ್ತಾರೆ. ನನಗೆ ಐವತ್ತೇಳು. ಎಡಮಂಡಿ ಈ ವರ್ಷ ತಡೆಯುತ್ತದೆ, ಮುಂದಿನ ವರ್ಷದ ಮಾತು ಬೇಡ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಈ ಸಲ ತಪ್ಪಿದರೆ ನನಗೆ ಇನ್ನೊಂದು ಸಲ ಇಲ್ಲ. ಇದನ್ನು ಬರೆಯುವಾಗ ಅಳು ಬರುತ್ತಿದೆ. ಸಿಟ್ಟಿಗೆ ಬರುತ್ತಿರುವುದು, ಬೇರೆ ತಿಳಿಯಬೇಡಿ.

ಮೂರೂ ಆಕ್ಷೇಪಣೆಗೆ ಉತ್ತರ ಕೊಟ್ಟು ಹದಿನೆಂಟು ದಿನವಾಯಿತು. ಕಡತ ಎಲ್ಲಿ ಹೋಯಿತೆಂದು ಹುಡುಕಿದರೆ ನನ್ನ ಮೇಜಿನಿಂದ ಆರಡಿ ದೂರದ ಬೀರುವಿನ ಮೇಲಿದೆ! ಲಿಫ್ಟ್ ಕೆಟ್ಟಿದೆಯಂತೆ. “ರಿಪೇರಿ ಆಗ್ಲಿ ಮೇಡಂ, ಫಸ್ಟ್ ನಿಮ್ದೇ ತಗೊಂಡ್ ಹೋಗ್ತೀನಿ. ನನ್ ಮಂಡಿ ನೋಡಿ” ಎಂದರು ಕಡತ ಒಯ್ಯುವ ಪಾಪಯ್ಯ. ಮಂಡಿಯ ವಿಷಯದಲ್ಲಿ ನಾನು ಯಾರೊಡನೆಯೂ ವಾದಿಸುವುದಿಲ್ಲ. ನಾನೇ ಒಯ್ಯುತ್ತೇನೆ ಎಂದೆ. ಅರ್ಜಿದಾರರು ಸ್ವಂತ ಕಡತ ಮುಟ್ಟುವಂತಿಲ್ಲ ಎಂದು ತಮ್ಮದೇ ಸುತ್ತೋಲೆ ಇದೆ. ಲಿಫ್ಟ್ ಕೆಟ್ಟಂದಿನಿಂದ ತಾವೂ ನೆಲಮಹಡಿಯ ಸಭಾಂಗಣದಲ್ಲೇ ಕೂರುತ್ತಿದ್ದೀರಿ ಎಂದು ಆಮೇಲೆ ತಿಳಿಯಿತು. ಹಾಗಾದರೆ ಕಡತವನ್ನು ಕೆಳಕ್ಕೆ ಕಳಿಸಬಹುದಲ್ಲ? ಆಗುವುದಿಲ್ಲವಂತೆ. ದಾಖಲೆ ಪುಸ್ತಕವೂ ಮೊಹರೂ ನಾಲ್ಕನೇ ಮಹಡಿಯಲ್ಲಿವೆ. ಅಲ್ಲಿ ಈಗ ಯಾರೂ ಇಲ್ಲ.

ನನ್ನ ಬೇಡಿಕೆ ಇಷ್ಟೇ. ಸೋಮವಾರ ಹತ್ತು ಗಂಟೆಗೆ ನಾನು ಮೆಟ್ಟಿಲ ಬುಡದಲ್ಲಿ ಕಾಯುತ್ತೇನೆ, ತಾವು ಬನ್ನಿ. ಎರಡನೇ ಮಹಡಿಯಲ್ಲಿ ಕಡತವನ್ನು ತಾವೇ ಎತ್ತಿಕೊಳ್ಳಿ, ತಮ್ಮ ಚೀಲ ನಾನು ಹೊರುತ್ತೇನೆ. ಮೇಲೆ ಹೋಗಿ ಸಹಿ ಹಾಕಿ, ಮೊಹರು ಒತ್ತಿ. ಒಟ್ಟು ಎಂಬತ್ತೆಂಟು ಮೆಟ್ಟಿಲು, ಎಣಿಸಿದ್ದೇನೆ. ದಾರಿಯಲ್ಲಿ ಉಸಿರು ಕಟ್ಟಿದರೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂರಿ. ಆ ವಿಶ್ರಾಂತಿಯನ್ನು ನೆಲಮಹಡಿಯಲ್ಲೇ ಏಕೆ ಪಡೆಯಬಾರದು ಎಂದು ನಾನು ಕೇಳುವುದಿಲ್ಲ.

ಇಂತಿ,
ಹಿಮಾಲಯಕ್ಕೆ ಅನುಮತಿಯುಳ್ಳ, ಮೇಲಿನ ಮಹಡಿಗೆ ಅನುಮತಿಯಿಲ್ಲದ
ಸುಧಾಮಣಿ, ಪ್ರಥಮ ದರ್ಜೆ ಸಹಾಯಕಿ
ಉತ್ತರಹಳ್ಳಿ (ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್‌ಕೋಡ್ ಕಡತದಲ್ಲಿವೆ)